ಅಜ್ಜನ ಕತ್ತಿ, ನನ್ನ ಎಮರಿ ಕಾಗದ

ನಮ್ಮ ಮನೆಯಲ್ಲಿ ಎರಡು ಕತ್ತಿ ಇವೆ. ಊರು ಅಂದ್ರೆ ಅಜ್ಜಂಪುರದಿಂದ ತರೀಕೆರೆಗೆ ಬರೋ ದಾರಿಯಲ್ಲಿ ಸ್ವಲ್ಪ ಒಳಗೆ ಹೋದರೆ ಸಿಗೋ ಒಂದು ಹಳ್ಳಿ. ವರ್ಷದ ಮುನ್ನೂರ ಅರವತ್ನಾಲ್ಕು ದಿನ ಈ ಎರಡೂ ದೇವರಮನೆ ಅಟ್ಟದ ಮೇಲೆ ಹಳೇ ಪಂಚೆಯಲ್ಲಿ ಸುತ್ತಿಕೊಂಡು ಮಲಗಿರುತ್ತವೆ. ಆಯುಧಪೂಜೆ ದಿನ ಕೆಳಗಿಳಿದು ನೇಗಿಲ ಕುಳ, ಕುಡುಗೋಲು, ಮಚ್ಚು, ಟ್ರ್ಯಾಕ್ಟರಿನ ಸ್ಪ್ಯಾನರು, ಈಗೀಗ ನನ್ನ ಲ್ಯಾಪ್‌ಟಾಪು... ಇವುಗಳ ಜೊತೆ ಸಾಲಾಗಿ ಕೂತು ವಿಭೂತಿ ಕುಂಕುಮ ಹಚ್ಚಿಸಿಕೊಳ್ಳುತ್ತವೆ. ನಿಂಬೆಹಣ್ಣು ಕತ್ತರಿಸೋದು ಕೂಡ ಅದೇ ಕತ್ತಿಯಿಂದ. ಮಾರನೇ ದಿನ ಮತ್ತೆ ಪಂಚೆ, ಮತ್ತೆ ಅಟ್ಟ.

ಎರಡರಲ್ಲಿ ಒಂದು ತೆಳ್ಳಗೆ ಹಗುರ. ಅದು ಅಜ್ಜನ ಅಪ್ಪ ವೀರಗಾಸೆ ಕುಣಿಯುವಾಗ ಹಿಡಿಯುತ್ತಿದ್ದದ್ದು. ಇನ್ನೊಂದು ಬಾಗಿದ ಅಲಗಿನ, ಭಾರದ, ಕಪ್ಪಗಿನ ಕತ್ತಿ. ಅದರ ಬಗ್ಗೆ ಮನೆಯಲ್ಲಿ ಇರೋ ಮಾತು ಒಂದೇ: "ಪಾಳೇಗಾರರ ಕಾಲದ್ದು". ಯಾವ ಪಾಳೇಗಾರರು, ನಮ್ಮ ಮನೆಗೆ ಹೇಗೆ ಬಂತು ಅಂತ ಕೇಳಿದರೆ ಅಜ್ಜ ಎಲೆಅಡಿಕೆ ಹಾಕಿಕೊಂಡು ಸುಮ್ಮನಾಗುತ್ತಿದ್ದರು.

ಈಗ ತಪ್ಪೊಪ್ಪಿಗೆ. ನಾನು ಎರಡನೇ ಪಿಯುಸಿಯಲ್ಲಿದ್ದಾಗ, ದಸರಾ ರಜೆಗೆ ಊರಿಗೆ ಬಂದವನು, ಆ ಕಪ್ಪು ಕತ್ತಿಯನ್ನ ಪಳಪಳ ಹೊಳೆಸಿ ಎಲ್ಲರಿಗೂ ಆಶ್ಚರ್ಯ ಕೊಡೋಣ ಅಂತ ಹೊರಟೆ. ಬೀರೂರಿನಿಂದ ಎಮರಿ ಕಾಗದ ತಂದಿದ್ದೆ, ಒರಟಿನದು ಒಂದು, ನುಣುಪಿನದು ಒಂದು. ಹಿತ್ತಿಲಲ್ಲಿ ಕೂತು ಮಧ್ಯಾಹ್ನ ಪೂರ್ತಿ ಉಜ್ಜಿದೆ. ಒಂದು ಮಗ್ಗುಲು ಬೆಳ್ಳಿ ತಟ್ಟೆ ಥರ ಆಯ್ತು. ಇನ್ನೊಂದು ಮಗ್ಗುಲಿಗೆ ತಿರುಗಿಸುವಷ್ಟರಲ್ಲಿ ಅಜ್ಜ ತೋಟದಿಂದ ಬಂದರು. "ಏನೋ ಮಾಡ್ತಿದೀಯ? ಬಿಡೋ ಅದನ್ನ!" ಅಂತ ಕೂಗಿದ ಕೂಗು ಇವತ್ತಿಗೂ ಕಿವಿಯಲ್ಲಿದೆ. ನನಗೋ ಸಿಟ್ಟು. ಕೊಳೆ ತೆಗೆದಿದ್ದಕ್ಕೆ ಬೈತಾರಲ್ಲ! ಅವರು ಏನನ್ನೂ ವಿವರಿಸಲಿಲ್ಲ. ಕತ್ತಿ ಇಸಿದುಕೊಂಡು ಪಂಚೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟರು, ಅಷ್ಟೇ.

ಹಾಗಾಗಿ ಇವತ್ತು ಆ ಕತ್ತಿಯ ಒಂದು ಮಗ್ಗುಲು ನನ್ನ ಕೆಲಸ, ಇನ್ನೊಂದು ಮಗ್ಗುಲು ಅಜ್ಜನ ಬೈಗುಳ ಉಳಿಸಿಕೊಂಡದ್ದು.

ಅಜ್ಜ ತೀರಿಕೊಂಡರು. ನಾನು ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಸೇರಿದೆ. ಆಮೇಲೆ ಕಂಪನಿಯವರು ಆರು ತಿಂಗಳು ಆನ್‌ಸೈಟ್ ಅಂತ ಟೋಕಿಯೋಗೆ ಕಳಿಸಿದರು. ವೀಕೆಂಡು ಬಂದರೆ ಮಾಡಲು ಕೆಲಸ ಇಲ್ಲ, ಸಸ್ಯಾಹಾರಿಗೆ ಹೋಟೆಲೂ ಕಷ್ಟ, ಒಂದು ರೈಲ್ವೆ ಕಾರ್ಡು ಇಟ್ಟುಕೊಂಡು ಊರು ಸುತ್ತುತ್ತಿದ್ದೆ. ಹಾಗೆ ಸುತ್ತುತ್ತಾ ರ‍್ಯೋಗೊಕು ಅನ್ನೋ ಕಡೆ ಹೋಗಿದ್ದೆ. ಸುಮೋ ಕುಸ್ತಿಯ ಜಾಗ ಅದು. ಅಲ್ಲೇ ಒಂದು ಹಳೇ ಉದ್ಯಾನದ ಪಕ್ಕ ಜಪಾನಿ ಕತ್ತಿಗಳದೇ ಒಂದು ಮ್ಯೂಸಿಯಂ ಇದೆ, 2018ರಲ್ಲಿ ಆ ಜಾಗಕ್ಕೆ ಬಂದದ್ದು. ಎಸಿ ಇರುತ್ತೆ ಅಂತ ಒಳಗೆ ಹೋದೆ, ಸತ್ಯ ಹೇಳಬೇಕಂದ್ರೆ :)

ಒಳಗೆ ಗಾಜಿನ ಪೆಟ್ಟಿಗೆಗಳಲ್ಲಿ ಕತ್ತಿಗಳನ್ನ ಹಿಡಿ ಇಲ್ಲದೆ, ಒರೆ ಇಲ್ಲದೆ, ಬರೀ ಅಲಗು ಮಾತ್ರ ಮಲಗಿಸಿದ್ದರು. ಅಲಗು ನೀರಿನ ಹಾಗೆ ಹೊಳೀತಿದೆ. ಆದರೆ ಹಿಡಿಯೊಳಗೆ ಸೇರೋ ಬುಡದ ಭಾಗ ಮಾತ್ರ ಕಗ್ಗಂದು ಬಣ್ಣದ ತುಕ್ಕು! ಇಷ್ಟು ಚೆನ್ನಾಗಿ ಇಟ್ಟುಕೊಂಡವರು ಇದೊಂದನ್ನ ಯಾಕೆ ಬಿಟ್ಟರು ಅಂತ ಅಲ್ಲಿದ್ದ ವಯಸ್ಸಾದ ಒಬ್ಬರನ್ನ ಕೇಳಿದೆ. ಅವರಿಗೆ ಬರೋ ಅರ್ಧ ಇಂಗ್ಲಿಷಿನಲ್ಲಿ, ಕೈಸನ್ನೆ ಸೇರಿಸಿ ಹೇಳಿದ್ದಿಷ್ಟು: ಬುಡದ ತುಕ್ಕು ತೆಗೆದರೆ ಕತ್ತಿಯ ವಯಸ್ಸನ್ನೇ ಅಳಿಸಿದ ಹಾಗೆ. ಕಮ್ಮಾರ ಸಹಿ ಕೆತ್ತೋದು ಅಲ್ಲೇ. ಆ ಸಹಿ ನಿಜವೋ ಖೋಟಾವೋ ಅಂತ ತಿಳಿಯೋದು ಸುತ್ತಲಿನ ತುಕ್ಕಿನ ಬಣ್ಣ ನೋಡಿ. ತುಕ್ಕು ತೆಗೆದವನು ಅರ್ಧ ಬೆಲೆಯನ್ನೂ ಪೂರ್ತಿ ಚರಿತ್ರೆಯನ್ನೂ ಒರೆಸಿ ಹಾಕಿದ ಹಾಗೆ.

ನನಗೆ ಹಿತ್ತಿಲು, ಎಮರಿ ಕಾಗದ, ಅಜ್ಜನ ಮುಖ ಎಲ್ಲಾ ಒಟ್ಟಿಗೆ ನೆನಪಾಯ್ತು. ಅಲ್ಲಿಂದ ಶುರುವಾದ ಹುಚ್ಚು ಇದು.

ಜಪಾನಿನವರು ಕತ್ತಿ ಆರಿಸೋ ಕ್ರಮ ನೋಡಿದರೆ ನಾವು ಗಾಡಿ ಕೊಳ್ಳೋ ಕ್ರಮಕ್ಕೆ ತದ್ವಿರುದ್ಧ. ನಾವು ಮೊದಲು ಕಂಪನಿ ಹೆಸರು ನೋಡ್ತೀವಿ. ಅಲ್ಲಿ ಬಲ್ಲವರು ಸಹಿಯನ್ನ ಕೊನೆಗೆ ನೋಡ್ತಾರೆ. ಮೊದಲು ಇಡೀ ಆಕಾರ: ಉದ್ದ ಎಷ್ಟು, ಬಾಗು ಎಲ್ಲಿ ಹೆಚ್ಚು, ಬುಡದಿಂದ ತುದಿಗೆ ಅಗಲ ಹೇಗೆ ಇಳಿಯುತ್ತೆ. ಕಾಲ ಗೊತ್ತಾಗೋದು ಇದರಿಂದಲೇ. ಆಮೇಲೆ ಉಕ್ಕಿನ ಮೈ. ಆಮೇಲೆ ಬಾಯಿಯ ಉದ್ದಕ್ಕೂ ಮೋಡದ ಅಂಚಿನ ಹಾಗೆ ಓಡೋ ಬಿಳಿ ಗೆರೆ, ಹಾಮೊನ್ ಅಂತಾರೆ. ಎಲ್ಲಾ ಆದ ಮೇಲೆ ಬುಡ, ಸಹಿ. ಯಾಕಂದ್ರೆ ಹೆಸರಾಂತ ಕಮ್ಮಾರರ ಸಹಿಯನ್ನ ಖೋಟಾ ಮಾಡೋ ದಂಧೆ ಅಲ್ಲಿ ನೂರಾರು ವರ್ಷದಿಂದ ಇದೆ. ಕತ್ತಿ ಒಪ್ಪಿದರೆ ಮಾತ್ರ ಸಹಿಯನ್ನ ನಂಬಬೇಕು, ಸಹಿ ನೋಡಿ ಕತ್ತಿಯನ್ನ ನಂಬಬಾರದು.

ಉದ್ದದ ಲೆಕ್ಕ ಸುಲಭ. ಅವರ ಒಂದು ಶಾಕು ಅಂದ್ರೆ 30.3 ಸೆಂಟಿಮೀಟರು. ಅದಕ್ಕಿಂತ ಚಿಕ್ಕದು ತಾಂತೊ, ಒಂದರಿಂದ ಎರಡು ಶಾಕು ವಾಕಿಜಾಶಿ, ಎರಡು ಮೀರಿದರೆ ಕಟಾನಾ. ಸಣ್ಣಪುಟ್ಟ ಕಲೆ ಇದ್ದರೆ ಸಹಿಸಿಕೊಳ್ಳಬಹುದು, ಆದರೆ ಬಾಯಿಗೆ ಅಡ್ಡವಾಗಿ ಕೂದಲೆಳೆಯಷ್ಟು ಬಿರುಕು ಇದ್ದರೂ ಆ ಕತ್ತಿ ಸತ್ತ ಹಾಗೆ. ಇನ್ನು "ಸಾವಿರ ಸಲ ಮಡಚಿ ಬಡಿದ ಉಕ್ಕು" ಅಂತ ಸಿನಿಮಾದಲ್ಲಿ ಹೇಳ್ತಾರಲ್ಲ, ಅದು ಶುದ್ಧ ಬುರುಡೆ. ಹತ್ತರಿಂದ ಹದಿನೈದು ಸಲ ಮಡಚುತ್ತಾರೆ. ಎರಡರ ಘಾತ ಹತ್ತು ಅಂದ್ರೆ 1024 ಪದರ, ಹದಿನೈದು ಅಂದ್ರೆ 32768. ನಮ್ಮ ಕಸುಬಿನವರಿಗೆ ಈ ಸಂಖ್ಯೆ ಬಾಯಿಪಾಠ, ಬೇರೆಯವರು ಕ್ಯಾಲ್ಕುಲೇಟರ್ ತೆಗೀರಿ.

ಆ ಬಿಳಿ ಗೆರೆ ಬರೋ ರೀತಿ ನನಗೆ ಬಹಳ ಹಿಡಿಸಿತು. ಅಲಗಿಗೆ ಮಣ್ಣು ಮೆತ್ತುತ್ತಾರೆ, ಬೆನ್ನಿಗೆ ದಪ್ಪ, ಬಾಯಿಗೆ ತೆಳು. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದಾಗ ಬಾಯಿ ತಕ್ಷಣ ತಣ್ಣಗಾಗಿ ಗಾಜಿನ ಹಾಗೆ ಗಡುಸಾಗುತ್ತೆ, ಬೆನ್ನು ನಿಧಾನಕ್ಕೆ ತಣ್ಣಗಾಗಿ ಮೆದು ಉಳಿಯುತ್ತೆ. ಒಂದೇ ತುಂಡು ಉಕ್ಕಿನಲ್ಲಿ ಕಡಿಯೋ ಗುಣ ಒಂದು ಕಡೆ, ಮುರಿಯದೆ ತಡೆಯೋ ಗುಣ ಇನ್ನೊಂದು ಕಡೆ. ಬಾಗು ಕೂಡ ನೀರಿಗೆ ಅದ್ದಿದಾಗಲೇ ಹೆಚ್ಚಾಗುತ್ತೆ. ಗ್ರೈಂಡರಿಗೆ ಹಿಡಿದು ಬಿಸಿ ಮಾಡಿದರೆ ಈ ಹದ ಪೂರ್ತಿ ಹೋಯ್ತು, ಹೊಳಪು ಮಾತ್ರ ಉಳಿಯುತ್ತೆ.

ಆ ಉಕ್ಕು ಬರೋದು ಕಬ್ಬಿಣದ ಮರಳಿನಿಂದ. ಮಣ್ಣಿನ ಒಲೆ ಕಟ್ಟಿ, ಮೂರು ಹಗಲು ಮೂರು ರಾತ್ರಿ ಇದ್ದಿಲು, ಮರಳು, ಇದ್ದಿಲು, ಮರಳು ಅಂತ ಸುರಿದು ತಿದಿ ಊದುತ್ತಾರೆ. ಸುಮಾರು ಹತ್ತು ಟನ್ ಮರಳು ಹಾಕಿದರೆ ಸಿಗೋ ಗಟ್ಟಿ ಎರಡೂವರೆ ಟನ್, ಅದರಲ್ಲೂ ಕತ್ತಿಗೆ ಲಾಯಕ್ಕಾದ ಭಾಗ ಇನ್ನೂ ಕಡಿಮೆ. ಈ ಒಲೆಗೆ ತತಾರ ಅಂತ ಹೆಸರು. ಎರಡನೇ ಮಹಾಯುದ್ಧದ ನಂತರ ಈ ಪದ್ಧತಿ ನಿಂತೇ ಹೋಗಿತ್ತು. ಕತ್ತಿ ಉಳಿಸಲೆಂದೇ 1948ರಲ್ಲಿ ಹುಟ್ಟಿದ ಒಂದು ಸಂಘ 1977ರಲ್ಲಿ ಶಿಮಾನೆ ಪ್ರಾಂತ್ಯದಲ್ಲಿ ಅದನ್ನ ಮತ್ತೆ ಹೊತ್ತಿಸಿತು. ಇವತ್ತಿಗೂ ಚಳಿಗಾಲದಲ್ಲಿ ಅಲ್ಲಿ ಒಲೆ ಉರಿಯುತ್ತೆ, ದೇಶದ ಕತ್ತಿ ಕಮ್ಮಾರರಿಗೆಲ್ಲ ಅಲ್ಲಿಂದಲೇ ಉಕ್ಕು ಹಂಚಿಕೆ.

ಇದನ್ನೆಲ್ಲ ಓದ್ತಾ ಹೋದ ಹಾಗೆ ಒಂದು ವಿಷಯ ಕಾಡೋಕೆ ಶುರುವಾಯ್ತು. ಅವರು ಮರಳು ಕರಗಿಸಿದರು ಸರಿ. ನಾವು?

ನಮ್ಮದು ಇನ್ನೂ ದೊಡ್ಡ ಕತೆ. ನಾವೇ ಮರೆತಿರೋದು. ಇಂಗ್ಲಿಷಿನಲ್ಲಿ ವೂಟ್ಸ್ ಅಂತ ಒಂದು ಪದ ಇದೆ. ಡಮಾಸ್ಕಸ್ ಕತ್ತಿಗಳ ಹೆಸರು ಕೇಳಿರ್ತೀರಲ್ಲ, ಅವುಗಳ ಹಿಂದಿನ ಉಕ್ಕು ಅದೇ. 1794ರ ಹೊತ್ತಿಗೆ ಮುಂಬೈಯಲ್ಲಿದ್ದ ಡಾಕ್ಟರ್ ಹೆಲೆನಸ್ ಸ್ಕಾಟ್ ಇದರ ಗಟ್ಟಿಗಳನ್ನ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದ, 1795ರಲ್ಲಿ ಜಾರ್ಜ್ ಪಿಯರ್ಸನ್ ಅದರ ಮೇಲೆ ಪ್ರಬಂಧ ಮಂಡಿಸಿದ. ಆ ವೂಟ್ಸ್ ಅನ್ನೋದು ಬೇರೇನೂ ಅಲ್ಲ, ನಮ್ಮ "ಉಕ್ಕು" ಅಂತ ಬಹುತೇಕ ವಿದ್ವಾಂಸರ ಮತ. ಕನ್ನಡದಲ್ಲೂ ತೆಲುಗಿನಲ್ಲೂ ಉಕ್ಕು, ತಮಿಳಿನಲ್ಲಿ ಉರುಕ್ಕು. ವಿದ್ಯುತ್ತಿನ ಮೈಕೇಲ್ ಫ್ಯಾರಡೆ ಇದ್ದಾನಲ್ಲ, ಅವನೂ ಚಾಕು ಮಾಡೋ ಸ್ಟೊಡಾರ್ಟ್ ಜೊತೆ ಸೇರಿ 1820ರ ಆಸುಪಾಸಿನಲ್ಲಿ ಇದೇ ಉಕ್ಕಿನ ಗುಟ್ಟು ಹುಡುಕೋಕೆ ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದ. ಕಮ್ಮಾರನ ಮಗ ಅವನು, ಆಸಕ್ತಿ ಸಹಜ.

ಉಕ್ಕು ಮಾಡೋ ರೀತಿಯನ್ನ ಕಣ್ಣಾರೆ ಕಂಡು ಬರೆದವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಕಂಪನಿ ಸರಕಾರ ಅವನನ್ನ ಮೈಸೂರು ಸೀಮೆ ಸುತ್ತೋಕೆ ಕಳಿಸಿತು. ಪುಸ್ತಕ ಅಚ್ಚಾದದ್ದು 1807ರಲ್ಲಿ. ಚನ್ನರಾಯನದುರ್ಗದ ಕಡೆಯ ಕುಲುಮೆಗಳ ವಿವರ ಅದರಲ್ಲಿದೆ. ಸುಡದ ಮಣ್ಣಿನ ಸಣ್ಣ ಮೂಸೆ, ಅದರೊಳಗೆ ಕಬ್ಬಿಣದ ತುಂಡು, ಜೊತೆಗೆ ತಂಗಡಿ ಗಿಡದ ಕಡ್ಡಿ, ಒಂದೆರಡು ಹಸಿ ಎಲೆ. ಬಾಯಿಗೆ ಮಣ್ಣು ಮೆತ್ತಿ ಇದ್ದಿಲ ಬೆಂಕಿಯಲ್ಲಿ ಕಾಯಿಸೋದು. ಕಡ್ಡಿ ಎಲೆ ಸುಟ್ಟು ಬಂದ ಇಂಗಾಲ ಹೊರಗೆ ಹೋಗೋಕೆ ದಾರಿ ಇಲ್ಲದೆ ಕಬ್ಬಿಣದೊಳಗೆ ಸೇರಿ, ಕಬ್ಬಿಣ ಕರಗಿ ಉಕ್ಕಾಗುತ್ತೆ. ತಂಗಡಿ! ಕಡೂರಿನಿಂದ ಬೀರೂರಿನವರೆಗೆ ರೈಲಿನ ಕಿಟಕಿಯಲ್ಲಿ ಹಳದಿ ಹೂ ಬಿಟ್ಟುಕೊಂಡು ನಿಂತಿರುತ್ತಲ್ಲ, ದನವೂ ಮೂಸದ ಆ ಗಿಡ. ಆವರಿಕೆ ಅಂತಲೂ ಕರೀತಾರೆ. ಅದನ್ನ ನಾನು ಚಿಕ್ಕವನಿದ್ದಾಗ ಚಪ್ಪಲಿಯಲ್ಲಿ ಒದ್ದುಕೊಂಡು ಓಡಾಡಿದ್ದೀನಿ.

ಇಂಥ ಉಕ್ಕಿನಲ್ಲಿ ಇಂಗಾಲ ನೂರಕ್ಕೆ ಒಂದೂವರೆಯಷ್ಟು, ಮಾಮೂಲಿ ಉಕ್ಕಿಗಿಂತ ಬಹಳ ಹೆಚ್ಚು. ಮೂಸೆಯಲ್ಲಿ ನಿಧಾನಕ್ಕೆ ತಣ್ಣಗಾಗಿ, ಆಮೇಲೆ ಕಮ್ಮಾರ ಹೆಚ್ಚು ಕಾಯಿಸದೆ ತಾಳ್ಮೆಯಿಂದ ಬಡಿದರೆ, ಒಳಗಿನ ಇಂಗಾಲದ ಕಣಗಳು ಸಾಲುಗಟ್ಟಿ ಮೈಮೇಲೆ ನೀರಿನ ಅಲೆಯಂಥ ಗೆರೆ ಬರುತ್ತೆ. ಯುರೋಪಿನ ಕಮ್ಮಾರರು ತಮ್ಮ ಅಭ್ಯಾಸದ ಪ್ರಕಾರ ಬಿಳುಪಾಗೋವರೆಗೂ ಕಾಯಿಸಿ ಸುತ್ತಿಗೆ ಹಾಕಿದರೆ ಪುಡಿಪುಡಿ ಆಗ್ತಿತ್ತು. ಅದಿರಿನಲ್ಲಿ ಇದ್ದ ವನೇಡಿಯಂನಂಥ ಲೋಹದ ಅತಿ ಸಣ್ಣ ಅಂಶವೇ ಈ ಗೆರೆಗಳಿಗೆ ಕಾರಣ ಅಂತ 1998ರಲ್ಲಿ ಅಮೆರಿಕದ ವೆರ್ಹೋವೆನ್ ಮತ್ತು ಪೆಂಡ್ರೆ ತೋರಿಸಿದರು. ವೆರ್ಹೋವೆನ್ ಲೋಹವಿಜ್ಞಾನಿ, ಪೆಂಡ್ರೆ ಕುದುರೆ ಲಾಳ ಹೊಡೆಯೋ ಕಸುಬಿನಿಂದ ಬಂದ ಕಮ್ಮಾರ. ಈ ಜೋಡಿ ನನಗೆ ಬಹಳ ಇಷ್ಟ.

ಜಪಾನಿನ ಕತ್ತಿಯ ಗೆರೆ ಮಡಚಿದ್ದರಿಂದ, ಹದ ಹಾಕಿದ್ದರಿಂದ ಬಂದದ್ದು. ನಮ್ಮ ಕತ್ತಿಯ ಗೆರೆ ಉಕ್ಕಿನ ಹೊಟ್ಟೆಯೊಳಗಿಂದಲೇ ಬಂದದ್ದು. ಯಾವುದು ಮೇಲು ಅಂತ ಕೇಳಬೇಡಿ. ಹಾಗೆ ಜಗಳ ಮಾಡೋರಿಗೆ ಇಂಟರ್ನೆಟ್ಟಿನಲ್ಲಿ ಬೇಕಾದಷ್ಟು ಜಾಗ ಇದೆ.

ನಮ್ಮ ಸೀಮೆಗೆ ಬರ್ತೀನಿ. ಸ್ವಾತಂತ್ರ್ಯ ಬರೋವರೆಗೂ ಈ ಜಿಲ್ಲೆಯ ಹೆಸರು ಕಡೂರು ಜಿಲ್ಲೆ ಅಂತಲೇ ಇತ್ತು. ಬಿ.ಎಲ್. ರೈಸ್ ಬರೆದ ಮೈಸೂರು ಗೆಜೆಟಿಯರ್‌ನಲ್ಲಿ ಬಾಬಾಬುಡನ್ ಗಿರಿಯ ಪೂರ್ವಕ್ಕಿರೋ ಗುಡ್ಡಗಳಲ್ಲೂ ಉಬ್ರಾಣಿಯ ಸುತ್ತಲೂ ಕಬ್ಬಿಣ ತೆಗೆದು ಕರಗಿಸುತ್ತಿದ್ದ ಮಾತು ಇದೆ. ಅಂದ್ರೆ ನಮ್ಮ ತರೀಕೆರೆಯ ಎರಡೂ ಮಗ್ಗುಲು! ಆಮೇಲೆ ಅದೇ ಬೆಟ್ಟದ ಕೆಮ್ಮಣ್ಣುಗುಂಡಿ ಅದಿರು ಭದ್ರಾವತಿಗೆ ಹೋಯ್ತು, 1923ರಲ್ಲಿ ಅಲ್ಲಿ ಮೈಸೂರು ಸರಕಾರದ ಕಾರ್ಖಾನೆ ಶುರುವಾಯ್ತು, ಅದೂ ಮೊದಲು ಉರಿದದ್ದು ಮಲೆನಾಡಿನ ಕಾಡಿನ ಇದ್ದಿಲಿನಲ್ಲಿ. ಸರಿಯಾಗಿ ನೂರು ವರ್ಷ ತುಂಬಿದ 2023ರ ಜನವರಿಯಲ್ಲೇ ಅದನ್ನ ಮುಚ್ಚೋ ತೀರ್ಮಾನ ಬಂದು ಊರಿಗೆ ಊರೇ ಬೀದಿಗಿಳಿದದ್ದು ನಿಮಗೆ ನೆನಪಿರಬಹುದು. ಜಪಾನಿನವರು ನಿಂತ ಒಲೆಯನ್ನ ಕತ್ತಿಗೋಸ್ಕರ ಮತ್ತೆ ಹೊತ್ತಿಸಿದರು. ನಮ್ಮ ಮೂಸೆ ಒಲೆಗಳು ಎಲ್ಲಿದ್ದವು ಅಂತ ಹುಡುಕೋಕೆ ಈಗ ಹೊಲದಲ್ಲಿ ಸಿಗೋ ಕಿಟ್ಟದ ಉಂಡೆಗಳೇ ಗತಿ.

ಇನ್ನು "ಪಾಳೇಗಾರರ ಕಾಲದ್ದು" ಅನ್ನೋ ಮಾತು. ತರೀಕೆರೆ ಪಾಳೇಗಾರರ ಮೂಲ ತರೀಕೆರೆ ಅಲ್ಲ. ಸಂತೇಬೆನ್ನೂರು, ಬಸವಾಪಟ್ಟಣದ ಕಡೆ ಇದ್ದ ಮನೆತನ, ಹದಿನೇಳನೇ ಶತಮಾನದಲ್ಲಿ ಬಿಜಾಪುರದ ಸೈನ್ಯ ನುಗ್ಗಿದ ಮೇಲೆ ಇತ್ತ ಬಂದು ನೆಲೆ ನಿಂತದ್ದು. ಆಮೇಲೆ ಹೈದರಾಲಿ ಬಂದ. ಕೊನೆಗೆ 1830-31ರಲ್ಲಿ ಕಂದಾಯದ ಕಾಟ ತಾಳಲಾರದೆ ನಗರದ ಸೀಮೆಯಲ್ಲಿ ರೈತರು ದಂಗೆ ಎದ್ದಾಗ ತರೀಕೆರೆ ಮನೆತನವೂ ಅದಕ್ಕೆ ಸೇರಿತು. ದಂಗೆ ಅಡಗಿತು, 1831ರಲ್ಲಿ ಬ್ರಿಟಿಷರು ಅದನ್ನೇ ನೆಪ ಮಾಡಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಸಿದುಕೊಂಡರು, ವಾಪಸ್ ಕೊಟ್ಟದ್ದು 1881ರಲ್ಲಿ. ಇದರ ನಡುವೆ, 1878ರಲ್ಲಿ, ದೇಶಕ್ಕೆಲ್ಲ ಆಯುಧ ಕಾಯ್ದೆ ಬಂತು. ಅತ್ತ ಜಪಾನಿನಲ್ಲಿ ಅದಕ್ಕೆ ಎರಡೇ ವರ್ಷ ಮುಂಚೆ, 1876ರಲ್ಲಿ, ಸಮುರಾಯಿಗಳು ಸೊಂಟಕ್ಕೆ ಕತ್ತಿ ಕಟ್ಟಿಕೊಳ್ಳಬಾರದು ಅಂತ ಅವರದೇ ಸರಕಾರ ಆಜ್ಞೆ ಹೊರಡಿಸಿತ್ತು.

ಮುಂದಿನದು ಬೇರೆ ಬೇರೆ. 1945ರಲ್ಲಿ ಸೋತ ಮೇಲೆ ಜಪಾನಿನ ಮನೆಮನೆಯಿಂದ ಕತ್ತಿ ಕಿತ್ತುಕೊಂಡರು. ಎಷ್ಟೋ ಕರಗಿ ಹೋದವು, ಎಷ್ಟೋ ಗೆದ್ದ ಸೈನಿಕರ ಪೆಟ್ಟಿಗೆ ಸೇರಿ ಸಮುದ್ರ ದಾಟಿದವು. ಆಗ ಜಪಾನಿಗೆ ಹೋದ ಪಡೆಗಳಲ್ಲಿ ನಮ್ಮವರೂ ಇದ್ದರು, 268ನೇ ಭಾರತೀಯ ಬ್ರಿಗೇಡನ್ನ ಅಲ್ಲಿ ನಡೆಸಿದವರು ಕೊಡಗಿನ ತಿಮ್ಮಯ್ಯನವರು. ಇದೆಲ್ಲ ಆದ ಮೇಲೆ ಅಲ್ಲಿನ ಬಲ್ಲವರು ಹಟ ಹಿಡಿದು, ಕತ್ತಿ ಅಂದ್ರೆ ಆಯುಧ ಮಾತ್ರ ಅಲ್ಲ, ಕಲೆ ಕೂಡ ಅಂತ ಒಪ್ಪಿಸಿ ನೋಂದಣಿ ಪದ್ಧತಿ ತಂದರು. ಇವತ್ತು ಅಲ್ಲಿ ಪ್ರತಿ ಕತ್ತಿಗೂ ಒಂದು ಚೀಟಿ ಇರುತ್ತೆ. ಕತ್ತಿ ಕೈ ಬದಲಾದರೆ ಚೀಟಿಯೂ ಜೊತೆಗೆ. ಪರವಾನಗಿ ಇರೋ ಕಮ್ಮಾರನೂ ತಿಂಗಳಿಗೆ ಎರಡಕ್ಕಿಂತ ಹೆಚ್ಚು ಉದ್ದಗತ್ತಿ ಮಾಡೋ ಹಾಗಿಲ್ಲ. ಯುದ್ಧಕಾಲದಲ್ಲಿ ಯಂತ್ರದಲ್ಲಿ ತಯಾರಾದ ಸೈನ್ಯದ ಕತ್ತಿಗೆ ಅಲ್ಲಿ ಈ ಚೀಟಿ ಸಿಗಲ್ಲ, ಅದು ಕಲೆಯ ಲೆಕ್ಕಕ್ಕೆ ಬರಲ್ಲ. ನನ್ನ ರೂಮ್‌ಮೇಟ್ "ಬರುವಾಗ ಒಂದು ಕಟಾನಾ ತಗೊಂಡು ಬಾ ಮಗಾ" ಅಂದಿದ್ದ. ಅಲ್ಲಿಂದ ಹೊರಗೆ ತರೋಕೆ ಸಂಸ್ಕೃತಿ ಇಲಾಖೆಯ ಕಾಗದ ಬೇಕು, ಇಲ್ಲಿ ಕಸ್ಟಮ್ಸ್‌ನವರಿಗೆ ಜವಾಬು ಹೇಳಬೇಕು. ಅವನಿಗೆ ಕೀಚೈನ್ ತಂದುಕೊಟ್ಟೆ.

ನಮ್ಮಲ್ಲಿ ಕತ್ತಿ ಉಳಿದದ್ದು ದೇವರಮನೆಯಲ್ಲಿ. ಪೂಜೆಯ ಹೆಸರಿನಲ್ಲಿ ಉಳಿದದ್ದಕ್ಕೇ ಅದನ್ನ ಯಾರೂ ಕತ್ತಿ ಅಂತ ನೋಡಲಿಲ್ಲ. ನಿಂಬೆರಸ ಒರೆಸಲಿಲ್ಲ, ಕುಂಕುಮ ತೆಗೆಯಲಿಲ್ಲ. ತುಕ್ಕು ಹೆಚ್ಚಾದರೆ ಹೊಳೆಯೋ ಬಣ್ಣ ಹೊಡೆದರು. ನಮ್ಮ ಕಡೆ ಎಷ್ಟೋ ಗುಡಿಗಳಲ್ಲಿ ಕತ್ತಿಗೆ ಸಿಲ್ವರ್ ಪೇಂಟ್ ಹೊಡೆದಿರೋದನ್ನ ನೋಡಿದ್ದೀನಿ.

ಟೋಕಿಯೋದಿಂದ ಬಂದ ಮೇಲೆ ಮೊದಲ ಸಲ ಊರಿಗೆ ಹೋದಾಗ ಎರಡೂ ಕತ್ತಿಯನ್ನ ಕೆಳಗಿಳಿಸಿ, ಅಲ್ಲಿ ಕಲಿತ ಕ್ರಮದಲ್ಲೇ ನೋಡಿದೆ. ಮೊದಲು ಆಕಾರ. ವೀರಗಾಸೆ ಕತ್ತಿ ಬುಡದಿಂದ ತುದಿವರೆಗೂ ಒಂದೇ ದಪ್ಪ, ತಗಡಿನಿಂದ ಕತ್ತರಿಸಿದ ಹಾಗೆ, ಬಾಯಿ ಮೊಂಡು. ಅದು ಕುಣಿತಕ್ಕೆ ಮಾಡಿದ್ದು, ಒಡಪು ಹೇಳುವಾಗ ಗಾಳಿಯಲ್ಲಿ ಬೀಸೋಕೆ ಹಗುರ ಬೇಕಲ್ಲ. ಜಪಾನಿನಲ್ಲೂ ಅಭ್ಯಾಸಕ್ಕೆ ಬಾಯಿ ಇಲ್ಲದ ಮಿಶ್ರಲೋಹದ ಕತ್ತಿ ಬೇರೆಯೇ ಇದೆ. ಚಿಕ್ಕವನಿದ್ದಾಗ ನನಗೆ ಇದೇ ಇಷ್ಟ, ಹೊಳೀತಿತ್ತು. ಕಪ್ಪು ಕತ್ತಿ ಹಾಗಲ್ಲ. ಹಿಡಿಯ ಹತ್ತಿರ ಬೆನ್ನು ದಪ್ಪ, ತುದಿಗೆ ಹೋಗ್ತಾ ತೆಳು. ಹಿಡಿದರೆ ತೂಕದಲ್ಲಿ ಇರೋದಕ್ಕಿಂತ ಹಗುರ ಅನ್ಸುತ್ತೆ. ಇದನ್ನ ಮಾಡಿದವನು ಯಾರೋ ಬೀಸೋನಿಗೆ ಅಂತಲೇ ಮಾಡಿದ್ದು.

ಚಿಕ್ಕಪ್ಪನ ವಾದ ಇದು ಹೊಯ್ಸಳರ ಕಾಲದ್ದು ಅಂತ. ಅಮೃತಾಪುರ ನಮಗೆ ಹತ್ತಿರ ನೋಡಿ, ಆ ಅಭಿಮಾನ. 1196ರ ಆ ಅಮೃತೇಶ್ವರ ಗುಡಿಯ ಮೇಲೆ ಸಳ ಸಿಂಹವನ್ನ ಇರಿಯೋ ಶಿಲ್ಪ ಇದೆ, ಕಡೂರಿನ ಸುತ್ತ ವೀರಗಲ್ಲುಗಳೂ ಬೇಕಾದಷ್ಟು. "ಚಿಕ್ಕಪ್ಪ, ಆ ಕಲ್ಲುಗಳಲ್ಲಿ ಇರೋ ಕತ್ತಿ ನೋಡಿದ್ದೀರಾ, ಇಂಥ ಹಿಡಿ ಎಲ್ಲಾದರೂ ಇದೆಯಾ?" ಅಂದೆ. ನಮ್ಮ ಕತ್ತಿಯ ಹಿಡಿಯ ತಲೆಗೆ ತಟ್ಟೆಯಂಥ ಬಿಲ್ಲೆ ಇದೆ, ಬೆರಳು ಕಾಯೋಕೆ ಬಾಗಿದ ಪಟ್ಟಿ ಇದೆ. ತಲವಾರ್ ಅಂತ ಕರೆಯೋ ಈ ಮಾದರಿ ಉತ್ತರದಿಂದ, ಕುದುರೆ ಸವಾರರ ಜೊತೆ, ಸುಲ್ತಾನರ ಮೊಘಲರ ಕಾಲದಲ್ಲಿ ಇಲ್ಲಿಗೆ ಬಂದದ್ದು. ಅಂದ್ರೆ "ಪಾಳೇಗಾರರ ಕಾಲ" ಅನ್ನೋ ಅಜ್ಜನ ಮಾತು ಒಪ್ಪುತ್ತೆ, "ಹೊಯ್ಸಳರ ಕಾಲ" ಅನ್ನೋ ಚಿಕ್ಕಪ್ಪನ ಮಾತು ಒಪ್ಪಲ್ಲ. ಹಿಡಿ ಇಲ್ಲಿಯದಾದರೂ ಅಲಗು ಇಲ್ಲಿಯದೇ ಆಗಬೇಕಿಲ್ಲ ಅನ್ನೋದೂ ನೆನಪಿರಲಿ. ದಖ್ಖನಿನಲ್ಲಿ ಯುರೋಪಿನಿಂದ ಬಂದ ಅಲಗಿಗೆ ಇಲ್ಲಿನ ಹಿಡಿ ಹಾಕಿದ ಕತ್ತಿಗಳು ಎಷ್ಟೋ, ಅವಕ್ಕೆ ಫಿರಂಗಿ ಅಂತಲೇ ಹೆಸರು. 2023ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಒಂದು ಕೋಟಿ ನಲವತ್ತು ಲಕ್ಷ ಪೌಂಡಿಗೆ ಹರಾಜಾಯ್ತಲ್ಲ ಟಿಪ್ಪುವಿನ ಮಲಗೋ ಕೋಣೆಯ ಕತ್ತಿ, ಅದರ ಅಲಗು ಕೂಡ ಜರ್ಮನ್ ಅಲಗುಗಳ ಮಾದರಿ ನೋಡಿ ಮಾಡಿದ್ದು ಅಂತ ಹರಾಜಿನವರೇ ಹೇಳಿದ್ದರು.

ಆ ಹರಾಜಿನ ಸುದ್ದಿಯಿಂದಲೇ ನಮ್ಮ ಮನೆಗೆ ಪೀಕಲಾಟ ಬಂದದ್ದು. ಟಿವಿಯಲ್ಲಿ ನೋಡಿದ ಚಿಕ್ಕಪ್ಪ ಯಾರಿಗೋ ಹೇಳಿ, ಯಾರೋ ಇನ್ಯಾರಿಗೋ ಹೇಳಿ, ಹಳೇ ಸಾಮಾನು ಕೊಳ್ಳೋ ಒಬ್ಬ ಮನೆಗೇ ಬಂದ. ಹದಿನೈದು ಸಾವಿರ ಅಂದ. ಚಿಕ್ಕಪ್ಪನಿಗೆ ಬೋರ್‌ವೆಲ್ ಸಾಲ ಇತ್ತು, ಮನಸ್ಸು ಮಾಡಿದ್ದರು, ಅವರನ್ನ ದೂರೋ ಹಾಗಿಲ್ಲ. ನನಗೆ ಫೋನ್ ಬಂತು. ನಾನು ಕೇಳಿದ್ದು ಎರಡೇ ಪ್ರಶ್ನೆ. ನೂರು ವರ್ಷ ದಾಟಿದ ವಸ್ತು 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು, ಅದರ ವ್ಯಾಪಾರ ಮಾಡೋಕೆ ಪರವಾನಗಿ ಬೇಕು, ಅವರ ಹತ್ತಿರ ಇದೆಯಾ? ದೇಶದಿಂದ ಹೊರಗೆ ಸಾಗಿಸೋಕೆ ಆಗಲ್ಲ ಅಂತ ಗೊತ್ತಿದೆಯಾ? ಚಿಕ್ಕಪ್ಪ ಅದನ್ನೇ ಅವನ ಮುಂದೆ ಕೇಳಿದರಂತೆ. ಆಸಾಮಿ ಕಾಫಿ ಕೂಡ ಕುಡಿಯದೆ ಎದ್ದು ಹೋದ. ಆ ತಿಂಗಳ ಬೋರ್‌ವೆಲ್ ಕಂತು ನಾನು ಕಟ್ಟಿದೆ, ಇಲ್ಲಾಂದ್ರೆ ನನ್ನ ಮಾತಿಗೆ ಏನು ಬೆಲೆ ಹೇಳಿ.

ಈಗ ನಿಮ್ಮ ಮನೆಯಲ್ಲೂ ಅಟ್ಟದ ಮೇಲೆ ಇಂಥದ್ದು ಇದ್ದರೆ, ನಾನು ಮಾಡೋದು ಇಷ್ಟು. ಪೂಜೆ ಮುಗಿದ ದಿನವೇ ಕುಂಕುಮ, ಹೂವಿನ ನೀರು, ನಿಂಬೆರಸ ಎಲ್ಲವನ್ನೂ ಒಣಗಿದ ಹತ್ತಿ ಬಟ್ಟೆಯಲ್ಲಿ ಒರೆಸ್ತೀನಿ. ಉಳಿದ ಅಂಟಿಗೆ ಮೆಡಿಕಲ್ ಶಾಪಿನಲ್ಲಿ ಸಿಗೋ ಸ್ಪಿರಿಟ್. ಆದರೆ ಹುಷಾರು, ನಮ್ಮ ಕತ್ತಿಗಳ ಅಲಗನ್ನ ಹಿಡಿಯೊಳಗೆ ಕೂರಿಸೋದು ಅರಗಿನಿಂದ, ಸ್ಪಿರಿಟ್ ತಗುಲಿದರೆ ಅರಗು ಕರಗುತ್ತೆ. ಹಿಡಿ ಹತ್ತಿರ ಹೋಗಲೇಬೇಡಿ. ಜಪಾನಿ ಕತ್ತಿಯಲ್ಲಿ ಒಂದು ಬಿದಿರಿನ ಮೊಳೆ ತಟ್ಟಿದರೆ ಹಿಡಿ ಕಳಚಿ ಬರುತ್ತೆ, ನಮ್ಮದು ಹಾಗಲ್ಲ, ಕಳಚೋ ಸಾಹಸ ಬೇಡ. ಆಮೇಲೆ ಎಣ್ಣೆ. ಅವರದು ಲವಂಗದ ವಾಸನೆಯ ಚೋಜಿ ಎಣ್ಣೆ, ಒಂದು ಸಣ್ಣ ಬಾಟಲಿ ತಂದಿದ್ದೆ, ಖಾಲಿಯಾಯ್ತು. ಈಗ ಹೊಲಿಗೆ ಮಿಷನ್ನಿನ ಎಣ್ಣೆ, ಎರಡು ಹನಿ, ಇಡೀ ಅಲಗಿಗೆ ಉಸಿರಿನಷ್ಟು ತೆಳುವಾಗಿ. ಅಡಿಗೆಮನೆಯ ಕಡ್ಲೆಕಾಯಿ ಎಣ್ಣೆ ಹಚ್ಚಿದರೆ ಜಿಡ್ಡುಗಟ್ಟಿ ಧೂಳು ಹಿಡಿಯು‌ತ್ತೆ. ಅಲಗನ್ನ ಬರಿಗೈಯಲ್ಲಿ ಮುಟ್ಟಲ್ಲ, ಬೆರಳಿನ ಬೆವರಿನ ಗುರುತು ಒಂದೇ ಮಳೆಗಾಲದಲ್ಲಿ ತುಕ್ಕಾಗುತ್ತೆ. ಚರ್ಮದ ಅಥವಾ ಮಖಮಲ್ಲಿನ ಒರೆ ತೇವ ಹಿಡಿಯೋದ್ರಿಂದ ಅದರೊಳಗೆ ಇಟ್ಟು ಮರೆಯೋದೂ ಇಲ್ಲ. ಕೆಂಪು ತುಕ್ಕು ಕಂಡರೆ ಎಣ್ಣೆ ಹಚ್ಚಿ ಎರಡು ದಿನ ಬಿಟ್ಟು ಬಿದಿರಿನ ಸೀಳಿನಿಂದ ಮೆಲ್ಲಗೆ ಕೆರೆಯೋದು. ಕಪ್ಪಗೆ ಗಟ್ಟಿಯಾಗಿ ಕೂತ ಬಣ್ಣವನ್ನ ಮುಟ್ಟೋದೇ ಇಲ್ಲ, ಅದು ಕೊಳೆ ಅಲ್ಲ. ಜಪಾನಿನಲ್ಲಿ ಸಾಣೆ ಹಿಡಿಯೋದೇ ಒಂದು ಬೇರೆ ಕಸುಬು, ಕಲ್ಲಿನ ಮೇಲೆ ಕಲ್ಲು ಬದಲಾಯಿಸಿ ವಾರಗಟ್ಟಲೆ ಮಾಡ್ತಾರೆ, ಎಷ್ಟೋ ವರ್ಷ ಶಿಷ್ಯನಾಗಿ ಕಲಿತು. ಎಮರಿ ಕಾಗದ ಹಿಡಿದ ಪಿಯುಸಿ ಹುಡುಗನ ಕೆಲಸ ಅಲ್ಲ ಅದು.

ಇನ್ನೊಂದು. ಕತ್ತಿ ಹಿಡಿದು ಮೆರವಣಿಗೆಯಲ್ಲಿ ಫೋಟೋ ತೆಗೆಸಿಕೊಂಡು ಸ್ಟೇಟಸ್ ಹಾಕೋರಿಗೆ: ಈಗಿನ ಆಯುಧ ಕಾಯ್ದೆ 1959ರದ್ದು, ಕತ್ತಿ ಕೂಡ ಅದರೊಳಗೆ ಬರುತ್ತೆ. ಠಾಣೆಯಲ್ಲಿ ವಿಚಾರಿಸಿಕೊಳ್ಳಿ.

ನಿಂಬೆಹಣ್ಣಿನ ವಿಷಯದಲ್ಲಿ ಒಂದು ತಮಾಷೆ ಇದೆ. ಮೂಸೆ ಉಕ್ಕಿನ ಗೆರೆ ಬರಿಗಣ್ಣಿಗೆ ಕಾಣಬೇಕಾದರೆ ಮೈಗೆ ಸ್ವಲ್ಪ ಹುಳಿ ತಾಗಬೇಕು. ಹಳೇ ಕಮ್ಮಾರರು ಅದಕ್ಕೆ ಅನ್ನಭೇದಿಯಂಥದ್ದನ್ನ ಬಳಸುತ್ತಿದ್ದರು. ನಿಂಬೆರಸವೂ ಹುಳಿಯೇ. ತಪ್ಪು ಹುಳಿಯದಲ್ಲ, ಒರೆಸದೆ ಅಟ್ಟಕ್ಕೆ ಏರಿಸೋದರದ್ದು.

ಇದನ್ನ ಅಮ್ಮನಿಗೆ ಹೇಳಿದ್ದೆ. ಈ ಸಲದ ಆಯುಧಪೂಜೆಗೆ ನಿಂಬೆಹಣ್ಣು ಕತ್ತರಿಸೋಕೆ ಅಮ್ಮ ಅಡಿಗೆಮನೆಯ ಈಳಿಗೆಮಣೆ ತಂದಿಟ್ಟರು. "ಅದಕ್ಕೂ ಪೂಜೆ ಆಗ್ಲಿ, ವರ್ಷವೆಲ್ಲ ದುಡಿಯೋದು ಅದೇ" ಅಂದರು. ಸಂಜೆ ದೇವರಮನೆ ಹೊಸ್ತಿಲ ಮೇಲೆ ಕೂತು ಕಪ್ಪು ಕತ್ತಿ ಒರೆಸುತ್ತಿದ್ದೆ. ಚಿಕ್ಕಪ್ಪನ ಮಗಳು, ಏಳನೇ ಕ್ಲಾಸು, ಟಾರ್ಚು ಹಿಡಿದು ನಿಂತಿದ್ದಳು. ನಾನು ಉಜ್ಜಿದ ಮಗ್ಗುಲಿಗೆ ಬೆಳಕು ಹಾಯಿಸಿದಳು, ಅಡ್ಡಾದಿಡ್ಡಿ ಗೀರುಗಳು, ಕನ್ನಡಿಗೆ ಮರಳು ಸುರಿದ ಹಾಗೆ. ಮಗುಚಿ ಅಜ್ಜ ಉಳಿಸಿದ ಮಗ್ಗುಲಿಗೆ ಎಣ್ಣೆ ಹಚ್ಚಿ ಓರೆಯಾಗಿ ಹಿಡಿದೆ. ಹಿಡಿಯಿಂದ ಗೇಣುದೂರದಲ್ಲಿ, ಕಪ್ಪಿನೊಳಗೆ, ಕೆರೆಯ ನೀರು ಗಾಳಿಗೆ ಸುಕ್ಕಾದ ಹಾಗೆ ಸಣ್ಣ ಸಣ್ಣ ಗೆರೆ.

"ಅಣ್ಣಾ, ಈ ಕಡೆ ಯಾಕೆ ಇಲ್ಲ?" ಅಂತ ಕೇಳಿದಳು.

ನಾನು ಉಜ್ಜಿಬಿಟ್ಟೆ ಕಣೇ, ಅಂತ ಹೇಳಿದೆ.